ಕುಂಡದಲ್ಲಿ ಮುಚ್ಚಿಟ್ಟ ಪುದೀನಾ

"ಅಯ್ಯ ಅಕ್ಕಾರ, ನಾ ಕೊಟ್ಟ ಪುದೀನಾದ ಕಡ್ಡಿ ನೆಟ್ಟೀರೇನ್ರಿ?"

ಮಾಳಿಗೆಯ ಗೋಡೆಯಾಚೆಯಿಂದ ಪಕ್ಕದ ಮನೆಯ ರಜಿಯಾ ಕೇಳಿದಾಗ, ತುಳಸಿಗೆ ನೀರು ಹಾಕುತ್ತಿದ್ದ ನನ್ನ ಕೈ ನಿಂತುಹೋಯಿತು. ತುಳಸಿಯ ಪಕ್ಕದ ಖಾಲಿ ಬಿಟ್ಟಿದ್ದ ಕುಂಡದಲ್ಲಿ ಹಸಿರು ಚಿಗುರು ಎದ್ದಿತ್ತು.

ಲಾಕ್‌ಡೌನಿನ ಆ ದಿನಗಳಲ್ಲಿ ವಿಜಯಪುರದ ನಮ್ಮ ಓಣಿಗೆ ಕಾಯಿಪಲ್ಲೆ ಗಾಡಿ ಬರುತ್ತಿರಲಿಲ್ಲ. ಹಳೆಯ ಬಕೆಟ್ಟಿನಲ್ಲಿ ತಾನೇ ಬೆಳೆದ ಪುದೀನಾವನ್ನು ರಜಿಯಾ ಬಟ್ಟಲು ತುಂಬ ಕೊಟ್ಟಿದ್ದಳು. ಆದರೆ ಮುಸ್ಲಿಮರು ಸೋಂಕು ಹರಡುತ್ತಾರೆ, ಅವರ ಕೈಯಿಂದ ಏನೂ ತೆಗೆದುಕೊಳ್ಳಬೇಡಿ ಎಂದು ಮೊಬೈಲಿಗೆ ಬರುತ್ತಿದ್ದ ಸುಳ್ಳುಗಳನ್ನೆಲ್ಲ ನಾನು ನಂಬಿದ್ದೆ. ನಗುತ್ತಲೇ ಇಸಿದುಕೊಂಡು, ಆಕೆ ಒಳಗೆ ಹೋದದ್ದೇ ತಡ, ಕಡ್ಡಿ ಸಮೇತ ಆ ಖಾಲಿ ಕುಂಡದ ಮಣ್ಣಿನಲ್ಲಿ ಮುಚ್ಚಿಬಿಟ್ಟೆ. ಮರುದಿನ, "ಚಟ್ನಿ ಭಾಳ ಛಲೋ ಆಗಿತ್ತು" ಎಂದೂ ಹೇಳಿದೆ.

ಈಗ ಆಕೆಯ ಪ್ರಶ್ನೆಗೆ ಹೌದೆಂದು ತಲೆಯಾಡಿಸಿದೆ. ಆಕೆಯ ಮುಖ ಅರಳಿತು.

"ನಿಮ್ಮ ಕೈಗುಣ ಛಲೋ ಐತ್ರಿ. ನನ್ನ ಬಕೆಟ್ಟಿನಾಗಿಂದು ಬಿಸಿಲಿಗೆ ಒಣಗಿ ಹೋತು."

ಆ ಕುಂಡ ಇಂದಿಗೂ ಹಸಿರಾಗಿದೆ. ಕೊಟ್ಟವರ ಬಟ್ಟಲನ್ನು ಖಾಲಿ ಮರಳಿಸುವ ರೂಢಿ ನಮ್ಮಲ್ಲಿಲ್ಲ. ರಜಿಯಾಳ ಬಟ್ಟಲು ಬಂದಾಗಲೆಲ್ಲ ಅದೇ ಪುದೀನಾ ತುಂಬಿ ಕೊಡುತ್ತೇನೆ. ಆಕೆ ಪ್ರತಿ ಸಲವೂ ನನ್ನ ಕೈಗುಣ ಹೊಗಳುತ್ತಾಳೆ. ಆ ಕೈ ಅವತ್ತು ಮಾಡಿದ್ದೇನೆಂದು ಹೇಳಲು ನನಗಿನ್ನೂ ಬಾಯಿ ಬಂದಿಲ್ಲ.