ಹದಿನೈದು ಎಣಿಸುವಷ್ಟು ಹೊತ್ತು

ಕಳೆದ ವಾರ ಸಕ್ಕರೆ ಪರೀಕ್ಷೆಗೆಂದು ಒಂದು ಲ್ಯಾಬಿಗೆ ಹೋಗಿದ್ದೆ. ಅಲ್ಲಿಯ ಹುಡುಗಿ ಪುಟ್ಟ ಪೊಟ್ಟಣವೊಂದನ್ನು ಹರಿದು, ಒದ್ದೆ ತುಂಡು ತೆಗೆದು, ನನ್ನ ಮೊಣಕೈ ಸಂದಿಗೆ ಒಮ್ಮೆ ಸವರಿದಳು. ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಬೇಗ ಒಣಗಲಿ ಎಂದು ಬಗ್ಗಿ, ತುಟಿ ಮುಂದೆ ಮಾಡಿ, ಅದರ ಮೇಲೆ ಉಫ್ ಎಂದು ಊದಿಬಿಟ್ಟಳು. ನಾನು ಕೆಂಡ ಮುಟ್ಟಿದವನಂತೆ ಕೈ ಎಳೆದುಕೊಂಡೆ. ಖಾಲಿ ಹೊಟ್ಟೆಯಲ್ಲಿ ಬಂದಿದ್ದೆ, ಇಲ್ಲದಿದ್ದರೆ ಅಲ್ಲೇ ಕಕ್ಕುತ್ತಿದ್ದೆನೋ ಏನೋ...

ಪಿರಿಯಾಪಟ್ಟಣದಲ್ಲಿ ಗೊಬ್ಬರ, ಕೀಟನಾಶಕ ಮಾರುವವನು ನಾನು. ಇಪ್ಪತ್ತು ವರ್ಷದಿಂದ ಆ ನಾತದ ನಡುವೆಯೇ ಕೂತು ಊಟ ಮಾಡಿದ್ದೇನೆ. ಅಂಥವನಿಗೆ ಒಂದು ಹುಡುಗಿಯ ಉಸಿರು ಹೇಸಿಗೆಯಾಯಿತೇ ಎಂದು ಯಾರಾದರೂ ನಗಬಹುದು. ಈ ಹೇಸಿಗೆ ನನಗೆ ಹುಟ್ಟಿನಿಂದ ಬಂದದ್ದಲ್ಲ. ನಮ್ಮ ಮನೆಯಿಂದ ಮೂರು ಮನೆ ಆಚೆಗಿದ್ದ ಸಿಸ್ಟರ್ ಕಲಿಸಿಹೋದದ್ದು.

ಅವರು ಎಚ್.ಡಿ. ಕೋಟೆ ಕಡೆ ಹಂಪಾಪುರದವರು. ಸರ್ಕಾರಿ ನರ್ಸ್ ಕೆಲಸದಿಂದ ನಿವೃತ್ತರಾಗಿ ನಮ್ಮ ಬೀದಿಯಲ್ಲಿ ಮನೆ ಮಾಡಿದ್ದರು. ಯಾರು ಎದುರಾದರೂ ಮೊದಲು ಕೈ ನೋಡುತ್ತಿದ್ದರು, ಆಮೇಲೆ ಮುಖ. ಮದುವೆ ಮನೆಯಲ್ಲಿ ಬಡಿಸುವವನ ಉಗುರು ಕಂಡು, ಎಲೆಯ ಮೇಲಿದ್ದ ಬಾಳೆಹಣ್ಣನ್ನಷ್ಟೇ ಸುಲಿದು ತಿಂದು ಎದ್ದು ಬಂದವರು. ಬಾಯಿ ಬಿಟ್ಟರೆ "ಥೂ". ಬೀದಿಯವರು ಬೆನ್ನ ಹಿಂದೆ ಅವರನ್ನು ಸೋಪಮ್ಮ ಎಂದು ಆಡಿಕೊಳ್ಳುತ್ತಿದ್ದರು. ಆದರೆ ಬಿಪಿ ನೋಡಿಸಲು, ಇಂಜೆಕ್ಷನ್ ಹಾಕಿಸಿಕೊಳ್ಳಲು, ಮುದುಕರ ಬೆನ್ನು ಹುಣ್ಣು ತೊಳೆಸಲು ಅದೇ ಸೋಪಮ್ಮನ ಬಾಗಿಲು ಬಡಿಯುತ್ತಿದ್ದರು. ಸಿಸ್ಟರ್ ಕೈಗುಣ ಚೆನ್ನಾಗಿದೆ ಎನ್ನುವುದು ಎಲ್ಲರ ಮಾತಾಗಿತ್ತು.

ನನ್ನ ಅವ್ವನಿಗೆ ಕ್ಯಾನ್ಸರ್ ಎಂದು ಗೊತ್ತಾದದ್ದು ಆರು ವರ್ಷದ ಹಿಂದೆ. ಕಂಪಲಾಪುರದ ಹತ್ತಿರ, ಬಸ್ಸು ಹೋಗದ ಹಳ್ಳಿ ನಮ್ಮ ಊರು. ಮೈಸೂರಿಗೆ ಹೋಗಿಬರಲು ಅನುಕೂಲವೆಂದು ನಮ್ಮ ಮನೆಗೇ ಕರೆತಂದೆ. ಔಷಧಿ ಹಾಕಿ ಹಾಕಿ ಕೈಯ ನರಗಳೆಲ್ಲ ಮುಚ್ಚಿಹೋಗಿದ್ದವು. ಮೈಸೂರಿನ ಆಸ್ಪತ್ರೆಯಲ್ಲಿ ಬಲತೋಳಿನ ನರದೊಳಗೆ ಸಣ್ಣದೊಂದು ನಳಿಕೆ ತೂರಿಸಿ ಕಳಿಸಿದರು. ಅದರ ಒಂದು ತುದಿ ಒಳಗೆ, ಹೃದಯದ ಹತ್ತಿರ. ಇನ್ನೊಂದು ತುದಿ ಹೊರಗೆ, ಮುಚ್ಚಳ ಹಾಕಿಕೊಂಡು ತೋಳಿನ ಮೇಲೆ ನೇತಾಡುತ್ತಿತ್ತು. ಒಳಗೆ ಹೋಗುವ ಜಾಗದ ಮೇಲೆ ಗಾಜಿನಂತೆ ತೆಳ್ಳಗಿನ ಪಟ್ಟಿ. ತಿಂಗಳುಗಟ್ಟಲೆ ಅದು ಅಲ್ಲೇ ಇರಬೇಕು, ವಾರಕ್ಕೊಮ್ಮೆ ಪಟ್ಟಿ ಬದಲಿಸಿ ನಳಿಕೆಯೊಳಗೆ ಸಲೈನ್ ಹರಿಸಬೇಕು ಎಂದರು.

ವಾರವಾರ ಅಷ್ಟು ದೂರ ಅವ್ವನನ್ನು ಬಸ್ಸಿನಲ್ಲಿ ಕುಲುಕಿಸುವುದು ನನ್ನಿಂದ ಆಗಲಿಲ್ಲ. ಸಿಸ್ಟರ್ ಬಳಿ ಹೋದೆ. ಅವರು ಆಸ್ಪತ್ರೆಗೆ ತಾವೇ ಫೋನ್ ಮಾಡಿ, ಒಂದು ಸಲ ನಮ್ಮ ಜೊತೆ ಬಂದು ಅಲ್ಲಿಯವರು ಮಾಡುವುದನ್ನು ನಿಂತು ನೋಡಿ, ಆಮೇಲೆ ಒಪ್ಪಿಕೊಂಡರು.

"ಮಾಡ್ತೀನಿ ಕಣಪ್ಪ. ಆದ್ರೆ ನಾನು ಹೇಳ್ದಂಗೆ ನಡೀಬೇಕು. ನೀನು ತೋಳು ಅಂದ್ಕಬ್ಯಾಡ, ಇದು ಎದೆ ಬಾಗ್ಲು. ಇಲ್ಲಿ ಇಟ್ಟ ಕೊಳೆ ನೇರ ಗುಂಡಿಗೆಗೇ ಹೋಯ್ತದೆ."

ಭಾನುವಾರ ಬೆಳಿಗ್ಗೆ ಬರುತ್ತಿದ್ದರು. ಫ್ಯಾನು ಆರಿಸಬೇಕು, ಕಿಟಕಿ ಹಾಕಬೇಕು. ಅವ್ವ ಮುಖವನ್ನು ಆ ಕಡೆ ತಿರುಗಿಸಿ ಬಾಯಿ ಮುಚ್ಚಿಕೊಳ್ಳಬೇಕು. ನಾನು ಮೊಣಕೈವರೆಗೆ ಕೈ ತೊಳೆದುಕೊಂಡು ಬಾಗಿಲ ಹತ್ತಿರ ನಿಲ್ಲಬೇಕು. "ಮಾರೋದು ಗೊಬ್ಬರ ಸರಿ, ಉಗುರಲ್ಲೂ ತುಂಬ್ಕ ಬತ್ತೀಯಲ್ಲ" ಎಂದು ಮೊದಲ ವಾರವೇ ನನ್ನನ್ನು ಎರಡು ಸಲ ಬಚ್ಚಲಿಗೆ ಅಟ್ಟಿದ್ದರು. ನಳಿಕೆಯ ಬಾಯನ್ನು ಸ್ಪಿರಿಟ್ ತುಂಡಿನಿಂದ ತಿಕ್ಕುವಾಗ ತುಟಿಯಲ್ಲೇ ಎಣಿಸುತ್ತಿದ್ದರು. ಹದಿನೈದು ಆಗುವ ತನಕ ನಿಲ್ಲಿಸುತ್ತಿರಲಿಲ್ಲ. ಆಮೇಲೆ ಅದು ತಾನಾಗಿ ಒಣಗುವ ತನಕ ಕೈಯಲ್ಲಿ ಹಿಡಿದು ಕಾಯುತ್ತಿದ್ದರು. ಊದುವಂತಿಲ್ಲ, ಬೀಸುವಂತಿಲ್ಲ. ಹೊಸ ಪಟ್ಟಿ ಅಂಟಿಸಿದ ಮೇಲೆ ಮೂಲೆಯಲ್ಲಿ ಆ ದಿನದ ತಾರೀಕು ಬರೆಯುವರು. ಅಷ್ಟೂ ಮುಗಿದ ಮೇಲೆಯೇ ಅವ್ವನ ಕೆನ್ನೆ ತಟ್ಟಿ, "ಊಟ ಮಾಡಿದ್ಯಾ ಅಕ್ಕಾ?" ಎನ್ನುವರು.

ಕಷ್ಟ ಇದ್ದದ್ದು ನಮ್ಮ ಬಂಧುಬಳಗದಿಂದ. ಹೊಗೆಸೊಪ್ಪಿನ ಕಾಲ ಅದು. ಎಲೆ ವಿಂಗಡಿಸುವ ಕೆಲಸ ಬಿಟ್ಟು ಹಾಗೆಯೇ ಎದ್ದು ಬಂದವರ ಕೈಯಲ್ಲಿ ಕಪ್ಪಗೆ ಅಂಟು ಮೆತ್ತಿರುತ್ತಿತ್ತು. ಬಂದವರೇ ಅವ್ವನ ತೋಳು ಹಿಡಿದು ಅಳುವುದು. "ಇದೇನವ್ವ ಪೈಪು?" ಎಂದು ನಳಿಕೆಯನ್ನು ಎತ್ತಿ ನೋಡುವುದು. ನಮ್ಮ ಚಿಕ್ಕಪ್ಪನೊಬ್ಬ ಮೂಗು ಸೀನಿ, ಪಂಚೆಗೆ ಒರೆಸಿ, ಅದೇ ಕೈಯಲ್ಲಿ ಅವ್ವನ ಹಣೆ ಸವರಿ ಹೋದ. ನಮ್ಮವರಿಗೆ ಪ್ರೀತಿ ಎಂದರೆ ಮುಟ್ಟುವುದು, ಮುಟ್ಟದಿದ್ದರೆ ಬಂದ ಲೆಕ್ಕವೇ ಇಲ್ಲ. ಸಿಸ್ಟರ್ ಗೇಟಿನ ಹತ್ತಿರ ಬಕೆಟ್ಟು, ಸೋಪು ಇಡಿಸಿದರು. ಅದಕ್ಕೆ ಅರ್ಧ ಜನ ಮುನಿಸಿಕೊಂಡರು. ನನಗೂ ಒಳಗೊಳಗೆ ಸಿಸ್ಟರ್ ಅಬ್ಬರ ಅತಿಯಾಯಿತು ಅನ್ನಿಸುತ್ತಿತ್ತು. ಈಗ ನೆನೆಸಿಕೊಂಡರೆ ಆ ಕೈಗಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದು ಮೈ ಮುದುರುತ್ತದೆ.

ಮೂರನೇ ತಿಂಗಳಲ್ಲಿ ಅವ್ವನಿಗೆ ಆ ಪಟ್ಟಿಯ ಕೆಳಗೆ ನವೆ ಶುರುವಾಯಿತು. ಎರಡು ರಾತ್ರಿ ನಿದ್ದೆಯಿಲ್ಲ. ನಳಿಕೆ ಒಳಹೋಗುವಲ್ಲಿ ಸುತ್ತಲೂ ಸ್ವಲ್ಪ ಕೆಂಪು, ಒಂದು ಹನಿ ರಕ್ತ ಒಣಗಿ ನಿಂತದ್ದು ಕಾಣುತ್ತಿತ್ತು. ಅವತ್ತು ಶುಕ್ರವಾರ. ಸಿಸ್ಟರ್ ಹಂಪಾಪುರಕ್ಕೆ ಹೋಗಿದ್ದರು. ಫೋನ್ ಮಾಡಬಹುದಿತ್ತು. ಅವರಿಗೋ, ಮೈಸೂರಿಗೋ. ಬೈಸಿಕೊಳ್ಳಬೇಕಲ್ಲ ಎಂದು ಮಾಡಲಿಲ್ಲ... ಆ ಹೊತ್ತಿಗೇ ಬೆಟ್ಟದಪುರದಿಂದ ದೊಡ್ಡವ್ವ ಬಂದಳು.

ದೊಡ್ಡವ್ವ, ನನ್ನ ಅವ್ವನ ಅಕ್ಕ. ಗಾಯಕ್ಕೆ ಸೊಪ್ಪು ಕಟ್ಟುವುದರಲ್ಲಿ ಅವಳ ಕೈಗುಣ ಸುತ್ತ ಊರಿಗೆಲ್ಲ ಗೊತ್ತು. ಬೇಲಿ ಸಾಲಿನ ಗಾಯದ ಸೊಪ್ಪನ್ನು ಕಿತ್ತು, ಬಾಯಲ್ಲಿ ನುಣ್ಣಗೆ ಅಗಿದು, ಗಾಯದ ಮೇಲೆ ಉಗಿದು ಬಟ್ಟೆ ಕಟ್ಟುವಳು. ಎಲೆ ಅಡಿಕೆ ತಿನ್ನುವ ಬಾಯಿ ಅದು, ಕಡ್ಡಿಪುಡಿ ಒತ್ತರಿಸಿಕೊಂಡ ಬಾಯಿ. ನಾನು ಚಿಕ್ಕವನಿದ್ದಾಗ ಕುಡುಗೋಲು ತಗುಲಿ ಕಾಲು ಸೀಳಿದಾಗ ವಾಸಿ ಮಾಡಿದ್ದು ಅದೇ ಬಾಯಿ, ಅದೇ ಸೊಪ್ಪು. ಗುರುತು ಇನ್ನೂ ಇದೆ.

"ಅಯ್ಯೋ, ಇಷ್ಟಕ್ಕೆ ನನ್ ತಂಗಿ ನಿದ್ದೆಗೆಟ್ಟವ್ಳಾ? ಆ ಕಾಗ್ದ ಒಸಿ ಎತ್ತು ಮಗ. ಆ ನರ್ಸಮ್ಮಂಗೇನು ಗೊತ್ತಾಗಕಿಲ್ಲ ಬುಡು."

ಅವ್ವ ನನ್ನ ಮುಖ ನೋಡಿದಳು. "ಎತ್ತು ಕಣ್ಲಾ, ತಡೆಯಕ್ಕಾಯ್ತಿಲ್ಲ" ಎಂದಳು. ನಾನು ಕೈಯನ್ನೂ ತೊಳೆಯದೆ ಪಟ್ಟಿಯ ಮೂಲೆಯನ್ನು ಉಗುರಿನಿಂದ ಎಬ್ಬಿಸಿದೆ. ದೊಡ್ಡವ್ವ ಬಾಯಿಂದ ಹಸಿರು ಮುದ್ದೆಯನ್ನು ಬೆರಳಿಗೆ ತೆಗೆದುಕೊಂಡಳು. ಎಂಜಲು ನೂಲಿನ ಹಾಗೆ ತುಟಿಯಿಂದ ಬೆರಳಿಗೆ ಎಳೆದುಕೊಂಡಿತ್ತು. ಅದನ್ನು ನಳಿಕೆಯ ಬುಡಕ್ಕೆ ಒತ್ತಿದಳು. ಅವ್ವ ತಂಪಾಯಿತು ಎಂದು ಕಣ್ಣು ಮುಚ್ಚಿದಳು, ನಿದ್ದೆಯನ್ನೂ ಮಾಡಿದಳು. ನನಗೆ ಆಗ ಒಂದಿಷ್ಟೂ ಅಸಹ್ಯ ಆಗಲಿಲ್ಲ. ಒಳ್ಳೆಯದೇ ಆಯಿತು ಅಂದುಕೊಂಡೆ.

ಶನಿವಾರ ಸಂಜೆ, ಸಿಸ್ಟರ್ ಬರುತ್ತಾರಲ್ಲ ಎಂದು ನೆನಪಾಗಿ, ಒದ್ದೆ ಬಟ್ಟೆಯಲ್ಲಿ ಆ ಹಸಿರನ್ನೆಲ್ಲ ಒರೆಸಿ ತೆಗೆದು ಪಟ್ಟಿಯನ್ನು ಮತ್ತೆ ಒತ್ತಿ ಅಂಟಿಸಿದೆ. ಅದು ಅಂಟಲಿಲ್ಲ, ಮೂಲೆ ಸುಕ್ಕುಗಟ್ಟಿತು. ತಾರೀಕು ಅಳಿಸಿಹೋಗಿತ್ತು. ಭಾನುವಾರ ಸಿಸ್ಟರ್ ಕೈಗವಸು ಹಾಕಿಕೊಂಡು ಬಗ್ಗಿ ನೋಡಿದವರು ಹಾಗೇ ನಿಂತರು.

"ಯಾರು ಬಿಚ್ಚಿದ್ದು ಇದನ್ನ?"

"ಯಾರೂ ಇಲ್ಲ ಸಿಸ್ಟರ್. ಬೆವರಿಗೆ ಎದ್ದಿರ್ಬೇಕು."

ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ಆಮೇಲೆ ಪಟ್ಟಿ ತೆಗೆದು, ಜಾಗ ತೊಳೆದು, ಕೆಂಪಗಾಗಿದೆ, ನಾಳೆಯೇ ಮೈಸೂರಿಗೆ ಕರೆದುಕೊಂಡು ಹೋಗು ಎಂದರು. ಎಂದಿನಂತೆ ಹದಿನೈದು ಎಣಿಸಿ ನಳಿಕೆಯ ಬಾಯಿ ತಿಕ್ಕಿದರು, ಒಣಗಲು ಕಾದರು, ಸಲೈನ್ ಹರಿಸಿದರು. ಆ ಎಣಿಕೆ ನಡೆಯುವಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಹೇಳಬೇಕು ಅನ್ನಿಸಿತು. ಹೇಳಿದ್ದರೆ ಅವರು ಆ ನಳಿಕೆಯೊಳಗೆ ಸಲೈನ್ ಹರಿಸುತ್ತಿರಲಿಲ್ಲ. ದೊಡ್ಡವ್ವ ನಡುಮನೆಯಲ್ಲಿ ಕೂತಿದ್ದಳು, ಅವಳ ಮುಂದೆ ಬೈಸಿಕೊಳ್ಳುವುದು ಹೇಗೆ ಎಂದು ಸುಮ್ಮನಾದೆ.

ಅರ್ಧ ಗಂಟೆಯಲ್ಲಿ ಅವ್ವನಿಗೆ ನಡುಕ ಹತ್ತಿತು. ಹಲ್ಲು ಕಟಕಟ ಎನ್ನುತ್ತಿತ್ತು, ಮಂಚ ಅಲ್ಲಾಡುತ್ತಿತ್ತು. ಸಿಸ್ಟರ್ ತಾವೇ ಆಂಬುಲೆನ್ಸಿಗೆ ಫೋನ್ ಮಾಡಿ, ಹುಣಸೂರು ದಾಟಿ ಮೈಸೂರು ಮುಟ್ಟುವವರೆಗೆ ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಳಿಕೆಯ ಮೂಲಕ ರಕ್ತಕ್ಕೆ ನಂಜು ಸೇರಿದೆ ಎಂದು ಅಲ್ಲಿಯವರು ಹೇಳಿದರು. ನಳಿಕೆ ತೆಗೆದುಹಾಕಿದರು. ಮನೆಯಲ್ಲಿ ಪಟ್ಟಿ ಕಟ್ಟುವವರು ಯಾರು ಎಂದು ಡಾಕ್ಟರು ಕೇಳಿದಾಗ ಸಿಸ್ಟರ್ "ನಾನೇ" ಎಂದು ಮುಂದೆ ಬಂದರು. ಬೇರೆ ಯಾರಾದರೂ ಮುಟ್ಟಿದ್ದರಾ ಎಂದು ಡಾಕ್ಟರು ನನ್ನ ಕಡೆ ತಿರುಗಿದರು. ನಾನು ಇಲ್ಲ ಎಂದು ತಲೆಯಾಡಿಸಿದೆ. ಥೂ...

ಅವ್ವ ಬದುಕಿದಳು. ಕ್ಯಾನ್ಸರಿನ ಔಷಧಿ ಐದು ವಾರ ನಿಂತಿತು. ಮಾರನೇ ವರ್ಷ ಹೋದಳು. ಆ ಐದು ವಾರದಿಂದಲೇ ಹೋದಳೋ ಇಲ್ಲವೋ, ಡಾಕ್ಟರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬೀದಿಯಲ್ಲಿ ಮಾತು ಹರಡಲು ಐದು ವಾರ ಬೇಕಾಗಲಿಲ್ಲ. ಸೋಪಮ್ಮ ಕೈ ಇಟ್ಟಿದ್ದೇ ತಡ ನಡುಕ ಬಂತಂತೆ, ಕೈಗುಣ ಕೆಟ್ಟಿದೆಯಂತೆ, ವಯಸ್ಸಾಯಿತಲ್ಲ, ಕೈ ಶುದ್ಧ ಇಲ್ಲವಂತೆ. ಜೀವಮಾನವೆಲ್ಲ ಕೈ ತೊಳೆದವರ ಕೈ ಶುದ್ಧವಿಲ್ಲ ಎಂದು, ಉಚ್ಚೆ ಹೊಯ್ದು ಕೈ ತೊಳೆಯದ ಜನ ಆಡಿಕೊಂಡರು. ಇಂಜೆಕ್ಷನ್ನಿಗೆ ಅವರ ಬಾಗಿಲು ಬಡಿಯುವವರು ಒಬ್ಬೊಬ್ಬರೇ ನಿಂತರು. ನನ್ನ ಅಂಗಡಿಯ ಮುಂದೆ ನಿಂತೇ ಈ ಮಾತು ಆಡುತ್ತಿದ್ದರು. ನಾನು ಗೊಬ್ಬರದ ಚೀಲ ತೂಗುತ್ತಿದ್ದೆ.

ಒಂದು ದಿನ ಸಿಸ್ಟರೇ ಅಂಗಡಿಗೆ ಬಂದರು. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆ ನಿಂತರು. "ನಂಗೆ ಸಿಟ್ಟೇನಿಲ್ಲ ಕಣಪ್ಪ. ಆದ್ರೆ ನಂಗೆ ಗೊತ್ತಾಗ್ಬೇಕು. ಅವತ್ತು ನನ್ ಕೈಯಲ್ಲೇ ಏನಾದ್ರೂ ತಪ್ಪಾಯ್ತಾ? ನೀನು ಬಾಗ್ಲಲ್ಲೇ ನಿಂತಿದ್ದಲ್ಲ, ನೋಡಿದ್ಯಾ?" ಎಂದು ಕೇಳಿದರು.

"ಗೊತ್ತಿಲ್ಲ ಸಿಸ್ಟರ್" ಎಂದೆ.

ಸ್ವಲ್ಪ ಹೊತ್ತು ತಮ್ಮ ಕೈಗಳನ್ನೇ ನೋಡಿಕೊಂಡು ಹೊರಟುಹೋದರು. ಮುಂದಿನ ತಿಂಗಳು ಮನೆ ಖಾಲಿ ಮಾಡಿ ಕೆ.ಆರ್. ನಗರದಲ್ಲಿದ್ದ ಮಗಳ ಮನೆ ಸೇರಿದರು. ದೊಡ್ಡವ್ವನ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ವಾರವಾರ ನಿಂತು ನೋಡಿದ್ದೆ.

ಅವ್ವ ಹೋಗಿ ಎರಡು ವರ್ಷದ ಮೇಲೆ, ಅಂಗಡಿಯ ಕೆಲಸಕ್ಕೆ ಕೆ.ಆರ್. ನಗರಕ್ಕೆ ಹೋದವನು ವಿಳಾಸ ಹುಡುಕಿಕೊಂಡು ಅವರ ಮನೆಗೆ ಹೋದೆ. ಇವತ್ತು ಹೇಳಿಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಸಿಸ್ಟರ್ ಬಡಕಲಾಗಿದ್ದರು. ಅಂಗೈಗಳು ಬೆಳ್ಳಗೆ ಸುಲಿದುಹೋಗಿದ್ದವು. "ಅಮ್ಮ ದಿನಾ ಎಷ್ಟ್ ಸಲ ಕೈ ತೊಳೀತಾರೆ ಅಂತ ದೇವ್ರಿಗೇ ಗೊತ್ತು" ಎಂದು ಮಗಳು ನಕ್ಕಳು. ಅವಳು ಒಳಗೆ ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡು ರಕ್ತ ಸುರಿಸುತ್ತಾ ಹೊರಗೆ ಬಂದು, "ಅಮ್ಮಾ, ಒಸಿ ಪಟ್ಟಿ ಕಟ್ಟು" ಎಂದಳು.

ಸಿಸ್ಟರ್ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

"ಬ್ಯಾಡ ಕಣವ್ವ. ನನ್ ಕೈ ಸರಿಯಿಲ್ಲ. ನೀನೇ ಕಟ್ಕೋ."

ನಾನು ಕಾಫಿ ಕುಡಿದು ಮುಗಿಸಿದೆ. ಲೋಟ ಕೆಳಗಿಟ್ಟೆ. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಎದ್ದು ಬಂದೆ. ಅಷ್ಟೇ ಮಾಡಿದ್ದು ನಾನು. ಕಳೆದ ಬೇಸಿಗೆಯಲ್ಲಿ ಸಿಸ್ಟರ್ ಮಗಳು ಫೋನ್ ಮಾಡಿ, ಅಮ್ಮ ಹೋದರು ಎಂದಳು...

ಲ್ಯಾಬಿನ ಹುಡುಗಿ ನನ್ನನ್ನೇ ನೋಡುತ್ತಾ ನಿಂತಿದ್ದಳು. ಇನ್ನೊಂದು ಪೊಟ್ಟಣ ಹರಿ, ಚೆನ್ನಾಗಿ ತಿಕ್ಕು, ಊದಬೇಡ, ಹದಿನೈದು ಎಣಿಸು ಎಂದೆ. ಇಷ್ಟು ಹೇಳುವ ಯೋಗ್ಯತೆ ನನಗಿಲ್ಲ ಎಂದು ಗೊತ್ತಿದ್ದೇ ಹೇಳಿದೆ.

"ಯಾಕ್ ಸಾರ್, ನೀವು ಡಾಕ್ಟ್ರಾ?"

"ಅಲ್ಲ ಕಣಮ್ಮ" ಎಂದೆ.

ಅವಳು ನಗುತ್ತಾ, ನನ್ನ ಸಮಾಧಾನಕ್ಕೆಂದು, ಜೋರಾಗಿಯೇ ಎಣಿಸತೊಡಗಿದಳು. ಒಂದು, ಎರಡು, ಮೂರು... ಹದಿನೈದು ಎಣಿಸುವುದಕ್ಕೆ ಇಷ್ಟೊಂದು ಹೊತ್ತು ಹಿಡಿಯುತ್ತದೆ ಎಂದು ನಾನು ಅಂದುಕೊಂಡೇ ಇರಲಿಲ್ಲ. ಆ ಭಾನುವಾರ ಬಾಗಿಲಲ್ಲಿ ನಿಂತಿದ್ದಾಗ ನನಗೆ ಇಷ್ಟೂ ಹೊತ್ತು ಇತ್ತು. "ನಾನೇ ಬಿಚ್ಚಿದ್ದು ಸಿಸ್ಟರ್" ಎನ್ನಲು ಐದು ಎಣಿಸುವಷ್ಟೂ ಬೇಕಿರಲಿಲ್ಲ.