ಮಾಳಿಗೆ ಕೊಟ್ಟವಳು

ಗೆಳತಿ ಮತ್ತು ನಾನು ಬಾಗಲಕೋಟೆಯ ಒಂದೇ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆವು. ಆಕೆಯ ಮನೆ ಇಳಕಲ್ಲಿನಲ್ಲಿ. ಅಲ್ಲಿ ಗ್ರಾನೈಟ್ ಕಾರ್ಖಾನೆಗಳ ದೂಳು, ದೀಪದ ಬೆಳಕು, ಆಕಾಶವೇ ಕಾಣದು. ಅದಕ್ಕೆ ನಾನು ಕೊಂಡ ದೂರದರ್ಶಕವನ್ನು ಹುನಗುಂದದ ಆಚೆ ನಮ್ಮ ಹಳ್ಳಿಮನೆಯ ಮಾಳಿಗೆಯ ಮೇಲಿಟ್ಟೆವು. ಶನಿವಾರ ಸಂಜೆಯ ಬಸ್ಸಿಗೆ ಆಕೆ ಬರುತ್ತಿದ್ದಳು. ನನ್ನ ಅತ್ತೆ ಆಕೆಗೆಂದೇ ಕಡಕ್ ರೊಟ್ಟಿ ತೆಗೆದಿಡುತ್ತಿದ್ದರು.

ನಾವು ಬೆನ್ನುಹತ್ತಿದ್ದು ಒಂದು ಪುಟ್ಟ ಕ್ಷುದ್ರಗ್ರಹ. ಎಷ್ಟು ನೋಡಿದರೂ ಬರೀ ಚುಕ್ಕೆ. ಆದರೆ ಅದರ ಬೆಳಕು ಏರುತ್ತದೆ, ಇಳಿಯುತ್ತದೆ. ಇದೇನೆಂದು ಅತ್ತೆ ಕೇಳಿದಾಗ ಗೆಳತಿ ದೀಪದೆದುರು ಶೇಂಗಾಕಾಯಿಯೊಂದನ್ನು ತಿರುಗಿಸಿ ತೋರಿಸಿದ್ದಳು: ಅಡ್ಡ ನಿಂತರೆ ಬೆಳಕು ಹೆಚ್ಚು, ತುದಿ ನಮ್ಮತ್ತ ತಿರುಗಿದರೆ ಕಡಿಮೆ. ವರ್ಷ ದಾಟಿ ಅದು ಮತ್ತೆ ಹತ್ತಿರ ಬಂದಾಗ ಇನ್ನೊಂದು ಮಗ್ಗುಲು ಕಾಣುತ್ತದೆ. ಹೀಗೆ ಎರಡು ಸರದಿ ಇಬ್ಬರೂ ಅಳೆದೆವು. ಆ ಅಳತೆಗಳ ಲೆಕ್ಕದಿಂದ, ಒಂದು ಕಡೆ ಸೀಳಿದಂತಿದ್ದ ಉದ್ದನೆಯ ಕಲ್ಲು ಮೆಲ್ಲಗೆ ರೂಪು ತಳೆಯಿತು.

ಮೂರನೇ ಸರದಿಯ ಹೊತ್ತಿಗೆ ಅತ್ತೆಗೆ ಲಕ್ವಾ ಹೊಡೆಯಿತು. ನಾನು ಬಾಗಲಕೋಟೆಯ ದವಾಖಾನೆಯಲ್ಲಿ ಉಳಿದೆ. ಮಾಳಿಗೆಯ ಕೀಲಿಯನ್ನು ನಾನೇ ಗೆಳತಿಯ ಕೈಗೆ ಕೊಟ್ಟೆ.

ಮುಂದೆ ಬಾದಾಮಿಯಲ್ಲಿ ಅಧ್ಯಾಪಕರ ಕಾರ್ಯಾಗಾರವೊಂದರಲ್ಲಿ ಆಕೆ ಮಾತಾಡಿದಳು. ಆ ಕಲ್ಲಿನ ಬಣ್ಣ, ದಾರಿ ಎರಡೂ ಕ್ಷುದ್ರಗ್ರಹಗಳ ಒಂದು ಗುಂಪಿಗೆ ಹೊಂದಿದ್ದರಿಂದ ಅದು ಎಂದೋ ಒಡೆದುಹೋದ ದೊಡ್ಡ ಕ್ಷುದ್ರಗ್ರಹದ ಚೂರು ಎಂದಳು. ಪರದೆಯ ಮೇಲೆ ನನ್ನ ಅಳತೆಗಳಿದ್ದವು. ಪ್ರಬಂಧಕ್ಕೆ ಇದ್ದದ್ದು ಎರಡೇ ಹೆಸರು: ಆಕೆಯದು, ಆಕೆಯ ಪಿಎಚ್.ಡಿ. ಮಾರ್ಗದರ್ಶಕರದು. ಕೊನೆಗೆ, ಮಾಳಿಗೆ ಬಳಸಲು ಕೊಟ್ಟಿದ್ದಕ್ಕೆ ನನಗೆ ಧನ್ಯವಾದ.

ಚಹಾದ ಹೊತ್ತಿಗೆ ಆಕೆಯನ್ನು ಬದಿಗೆ ಕರೆದು, ನನ್ನ ಹೆಸರೆಲ್ಲಿ ಎಂದು ಕೇಳಿದೆ.

“ಒಡೆದ ಚೂರು ಅಂತ ಖಾತ್ರಿ ಆಗಿದ್ದು ಮೂರನೇ ಸರ್ತಿ,” ಎಂದಳು. “ಆವಾಗ ನೀ ಇರಲಿಲ್ಲ.”

“ಮೊದಲಿನ ಎರಡು ಸರ್ತಿ?”

“ನಿನ್ನ ಹೆಸರು ಹಾಕೋಣು ಅಂತ ನಾ ಅಂದಿದ್ದೆ. ಸರ್ ಬ್ಯಾಡ ಅಂದ್ರು.”

“ಅದಕ್ಕ ನೀ ಏನಂದಿ?”

“ಏನೂ ಅನ್ನಲಿಲ್ಲ.”

ಸುಳ್ಳಾದರೂ ಹೇಳಬಹುದಿತ್ತು. ಜಗಳವಾಡಿದೆ ಎಂದಿದ್ದರೆ ನಾನು ನಂಬುತ್ತಿದ್ದೆ.

ಮಾತು ಅರ್ಧಂಬರ್ಧ ಬರುತ್ತಿದ್ದ ಅತ್ತೆ, “ಆಕಿ ಯಾಕ ಬರವಲ್ಲಳು?” ಎಂದು ಕೇಳುತ್ತಲೇ ಇದ್ದರು. ಪರೀಕ್ಷೆ ಕೆಲಸ ಎನ್ನುತ್ತಿದ್ದೆ. ಅವರು ತೀರಿಕೊಂಡಾಗ ಗೆಳತಿ ಮಣ್ಣಿಗೆ ಬಂದಳು, ನನಗಿಂತ ಹೆಚ್ಚು ಅತ್ತಳು. ಅದು ಖರೆಯ ಅಳುವೇ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಕಳೆದ ವರ್ಷ ಅದೇ ಗುಂಪಿನ ಇನ್ನೊಂದು ಚೂರನ್ನು ಒಬ್ಬಳೇ ಅಳೆದು ಪ್ರಕಟಿಸಿದೆ. ನನ್ನದೊಂದೇ ಹೆಸರು. ಕಾಲೇಜಿನಲ್ಲಿ ಎಲ್ಲರೂ ಬಂದು ಅಭಿನಂದಿಸಿದರು, ಗೆಳತಿಯೂ. ಥ್ಯಾಂಕ್ಸ್ ಮೇಡಂ ಎಂದೆ. ಹತ್ತು ವರ್ಷದಲ್ಲಿ ಆಕೆಯನ್ನು ನಾನು ಮೇಡಂ ಎಂದದ್ದು ಅದೇ ಮೊದಲು.