ಒಂದೇ ಎಳೆತಕ್ಕೆ ಬಿಚ್ಚುವ ಅಂಗಿ

ನಾವು ವಲಸೆ ಬಂದು ನೆಲೆಸಿದ ಎಡಿಸನ್ ಊರಿನ ಹತ್ತಿರದ ಒಂದು ಸಣ್ಣ ಕಾರ್ಖಾನೆಯಲ್ಲಿ ಸೈನಿಕರ ಗುಂಡುನಿರೋಧಕ ಅಂಗಿಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಹಳೆಯ ಅಂಗಿಗೆ ಪಟ್ಟಿ, ಬಕಲ್ಲು ಒಂದಲ್ಲ ಎರಡಲ್ಲ. ಹೊಸದಕ್ಕೆ ಎದೆಯ ಮೇಲೊಂದು ಹಿಡಿ. ಎಳೆದರೆ ಇಡೀ ಅಂಗಿ ಕಳಚಿ ಬೀಳಬೇಕು. ನೀರಿಗೆ ಬಿದ್ದವರ, ಗಾಯಗೊಂಡವರ ಜೀವ ಅದರಲ್ಲಿದೆ. ಲಂಗದ ಲಾಡಿಗೆ ಹಾಕುವ ಜಾರುಗಂಟಿನ ಲೆಕ್ಕ, ಅಷ್ಟೆ. ಬೊಂಬೆಗೆ ತೊಡಿಸಿ ಎಳೆಯುತ್ತಿದ್ದೆ. ಮೂರು ಎಣಿಸುವುದರೊಳಗೆ ಬಿಚ್ಚಿಕೊಂಡರೆ ಪಾಸ್ ಎಂದು ಸಹಿ ಹಾಕುತ್ತಿದ್ದೆ. ಆ ಸಹಿಯ ಬಗ್ಗೆ ನನಗೆ ಜಂಬವೂ ಇತ್ತು.

ಮಗಳು ಇಲ್ಲಿನ ಸೇನೆ ಸೇರಿದ್ದಳು. ವಿದೇಶಕ್ಕೆ ಹೊರಡುವ ಎರಡು ದಿನ ಮುಂಚೆ ಸಾಮಾನೆಲ್ಲ ಹೊತ್ತು ಮನೆಗೆ ಬಂದಾಗ ಅದರಲ್ಲಿ ನಮ್ಮದೇ ಅಂಗಿ ಇತ್ತು.

"ಹಾಕ್ಕೊಂಡು ತೋರಿಸೇ" ಎಂದೆ.

ಗರಾಜಿನಲ್ಲಿ ಕೈಗವಸಿನ ಸಮೇತ ತೊಟ್ಟು ನಿಂತಳು. ಹಿಡಿಯ ಮೇಲೆ ಕಪ್ಪು ಟೇಪು, ಮೂರು ಸುತ್ತು.

"ಇದ್ಯಾಕೆ?"

"ಓಡೋವಾಗ ಸಿಕ್ಕಾಕೊಳತ್ತೆ, ಅಮ್ಮ. ದೆನ್ ದ ಹೋಲ್ ಥಿಂಗ್ ಫಾಲ್ಸ್ ಆಫ್. ಎವ್ರಿಬಡಿ ಟೇಪ್ಸ್ ಇಟ್."

ನಮ್ಮ ಬೊಂಬೆ ಎಂದೂ ಓಡಿರಲಿಲ್ಲ.

"ಸರಿ, ಈಗ ಎಳಿ" ಎಂದೆ, ಎಣಿಸತೊಡಗಿದೆ. ಮೂರಾಯಿತು, ಐದಾಯಿತು. ಕೈಗವಸಿನ ಬೆರಳಿಗೆ ಟೇಪಿನ ತುದಿ ಸಿಗಲಿಲ್ಲ. ಹನ್ನೊಂದಕ್ಕೆ ಅವಳ ಮುಖ ಕೆಂಪಾಯಿತು. ನಾನು ಕತ್ತರಿ ಹಿಡಿದು ಓಡಿದೆ.

"ಸ್ಟಾಪ್! ಅಲ್ಲಿ ನೀನು ಇರಲ್ಲ!"

ಇಪ್ಪತ್ತಕ್ಕೆ ಎಣಿಸುವುದನ್ನೇ ಬಿಟ್ಟೆ. ಇಷ್ಟು ದಿನ ಯಾವ ಧೈರ್ಯದ ಮೇಲೆ ಸಹಿ ಹಾಕಿದೆ ಎಂದು ನನ್ನ ಮೇಲೇ ಸಿಟ್ಟು ಬಂತು.

ಕೊನೆಗೆ ಟೇಪನ್ನು ನಾನೇ ಕಿತ್ತೆಸೆದೆ. ಲಾಡಿಯ ತುದಿಯನ್ನು ಯಾರೂ ನೇತಾಡಲು ಬಿಡುವುದಿಲ್ಲ, ಒಳಗೆ ಸಿಕ್ಕಿಸುತ್ತಾರೆ. ಹಾಗೆಯೇ ಅಗಲವಾದ ಒಂದು ಎಲಾಸ್ಟಿಕ್ ಪಟ್ಟಿ ಹೊಲಿದು ಹಿಡಿಯನ್ನು ಅದರೊಳಗೆ ಸಿಕ್ಕಿಸಿದೆ. ಡ್ರೈವ್‌ವೇಯಲ್ಲಿ ಅವಳನ್ನು ಓಡಿಸಿದೆ, ಹುಲ್ಲಿನ ಮೇಲೆ ಉರುಳಾಡಿಸಿದೆ. ಎದುರುಮನೆಯವರು ಕಿಟಕಿಯಲ್ಲಿ ನಿಂತು ನೋಡಿದರು, ನೋಡಲಿ. ಹಿಡಿ ಅಲುಗಲಿಲ್ಲ. ಆಮೇಲೆ ಎಳೆದಳು. ಎರಡು ಎನ್ನುವಷ್ಟರಲ್ಲಿ ಅಂಗಿ ಧೊಪ್ಪೆಂದು ನೆಲಕ್ಕೆ ಬಿತ್ತು. ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಅವಳು ಅಳಲಿಲ್ಲ, ನಗಲೂ ಇಲ್ಲ.

"ಮಿಕ್ಕವರ ಅಮ್ಮಂದಿರು ನಿನ್ನ ಕಂಪನೀಲಿ ಇಲ್ವಲ್ಲ" ಎಂದಳು.

ಒಳಗೆ ಹೋಗಿ ಲ್ಯಾಪ್‌ಟಾಪ್ ತೆರೆದೆ. ಹಾಕಿದ ಸಹಿಯನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಮ್ಯಾನೇಜರಿಗೆ ತಿಳಿಸಬೇಕಿತ್ತು. ಮೊದಲ ಸಾಲು ಬರೆದೆ: "ಸಹಿ ಹಾಕುವ ಮುಂಚೆ ಈ ಅಂಗಿ ತೊಟ್ಟ ಒಬ್ಬರನ್ನೂ ನಾನು ಓಡಿಸಿ ನೋಡಿರಲಿಲ್ಲ."